ಬೆಳಿಗ್ಗೆ ಮಾತ್ರ ಬರುವ ಹೊಗೆ

ಬೈಕು ನಮ್ಮ ಭಾವನದು. 100 ಸಿಸಿಯ ಫೋರ್ ಸ್ಟ್ರೋಕ್, ಕಾರ್ಬ್ಯುರೇಟರ್ ಕಾಲದ ಗಾಡಿ. ಮೀಟರಿನಲ್ಲಿ 78 ಸಾವಿರ ಕಿಲೋಮೀಟರ್ ಇದೆ. ನಡುವೆ ಮೀಟರ್ ಕೇಬಲ್ ತುಂಡಾಗಿ ಒಂದಷ್ಟು ಕಾಲ ಹಾಗೇ ಓಡಿದೆ, ಹಾಗಾಗಿ ನಿಜವಾದ ಲೆಕ್ಕ ಇನ್ನೂ ಜಾಸ್ತಿ. ಊರು ತೀರ್ಥಹಳ್ಳಿ ಹತ್ತಿರ. ಬೆಳಿಗ್ಗೆ ಡೈರಿಗೆ ಹಾಲು, ಆಮೇಲೆ ತೋಟ, ಆಗೊಮ್ಮೆ ಈಗೊಮ್ಮೆ ಪೇಟೆ. ಇಷ್ಟೇ ಅದರ ಓಡಾಟ.

ತೊಂದರೆ ಏನೆಂದರೆ, ಬೆಳಿಗ್ಗೆ ಸ್ಟಾರ್ಟ್ ಆದ ತಕ್ಷಣ ಸೈಲೆನ್ಸರಿನಿಂದ ಗುಪ್ಪೆಂದು ಹೊಗೆ ಬರುತ್ತದೆ. ಒಂದೆರಡು ನಿಮಿಷದಲ್ಲಿ ನಿಂತುಹೋಗುತ್ತದೆ. ಆಮೇಲೆ ದಿನವಿಡೀ ಓಡಿಸಿದರೂ ಏನೂ ಇಲ್ಲ. ಪೇಟೆಯ ಗ್ಯಾರೇಜಿನಲ್ಲಿ ಒಬ್ಬರು ಇಷ್ಟು ಕೇಳಿಸಿಕೊಂಡು, ಗಾಡಿಯನ್ನು ಸ್ಟಾರ್ಟ್ ಕೂಡ ಮಾಡದೆ, ಬೋರ್ ಹೋಗಿದೆ, ಬ್ಲಾಕ್ ಪಿಸ್ಟನ್ ಹಾಕಬೇಕು ಅಂದರಂತೆ. ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ ಸವೆದಿದೆ ಅಂತ.

"ಎಂತ ಮಾಡೂದು ಮಾರಾಯ? ಬೋರ್ ಮಾಡ್ಸಿ ಬಿಡ್ಲಾ?" ಅಂತ ಭಾವ ಫೋನ್ ಮಾಡಿದರು.

"ಸ್ವಲ್ಪ ತಡೀರಿ ಭಾವ. ಹೊಗೆ ಯಾವಾಗ ಬರ್ತದೆ, ಯಾವಾಗ ಬರೂದಿಲ್ಲ ಅಂತ ಮೊದ್ಲು ನೋಡುವ" ಅಂದೆ.

ಹೊಗೆ ಅಂದರೆ ಎಲ್ಲರೂ ಬಣ್ಣ ಕೇಳುತ್ತಾರೆ. ಬಿಳಿಯಾ, ನೀಲಿಯಾ, ಕಪ್ಪಾ? ಬಣ್ಣ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮಲೆನಾಡಿನ ಬೆಳಗಿನ ಮಂಜಿನಲ್ಲಿ ತೆಳು ನೀಲಿ ಯಾವುದು, ಬಿಳಿ ಯಾವುದು ಅಂತ ಕಣ್ಣಿಗೆ ಗೊತ್ತಾಗುವುದೇ ಕಷ್ಟ. ನನ್ನ ಮಟ್ಟಿಗೆ ಬಣ್ಣಕ್ಕಿಂತ ಹೊತ್ತು ಮುಖ್ಯ. ಪಿಸ್ಟನ್ ಸುತ್ತ ಇದ್ದು ಆಯಿಲ್ ಮೇಲೆ ಬರದ ಹಾಗೆ ತಡೆಯುವ ರಿಂಗ್ ಸವೆದ ಎಂಜಿನ್ ಬೆಳಿಗ್ಗೆ ಎರಡು ನಿಮಿಷ ಹೊಗೆ ಬಿಟ್ಟು ಆಮೇಲೆ ಒಳ್ಳೆ ಹುಡುಗನಾಗುವುದಿಲ್ಲ. ಲೋಡ್ ಬಿದ್ದಾಗ, ಏರು ಹತ್ತುವಾಗ, ರೇಸ್ ಮಾಡಿದಾಗ ಬಿಡುತ್ತಲೇ ಇರುತ್ತದೆ.

ಆವಿಯೋ, ಆಯಿಲ್ಲೋ

ಮೊದಲು ಇದನ್ನು ಬಗೆಹರಿಸಬೇಕು. 1 ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಮ್ಮಿ 1 ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ಬಿಸಿಯಾದ ಮೇಲೆ ಅದು ಕಣ್ಣಿಗೆ ಕಾಣದ ಆವಿಯಾಗಿ ಹೋಗುತ್ತದೆ. ತಣ್ಣಗಿದ್ದಾಗ ಬಿಳಿ ಹೊಗೆಯ ಹಾಗೆ ಕಾಣುತ್ತದೆ, ಪೈಪಿನ ತುದಿಯಿಂದ ಹನಿ ಕೂಡ ಬೀಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಯಾವ ಗಾಡಿಯಾದರೂ ಇದನ್ನು ಮಾಡುತ್ತದೆ. ಇದು ರೋಗವಲ್ಲ.

ಆವಿಗೆ ವಾಸನೆ ಇಲ್ಲ, ಮೂರು ನಾಲ್ಕು ಅಡಿ ಹೋಗುವಷ್ಟರಲ್ಲಿ ಕರಗಿಹೋಗುತ್ತದೆ. ಆಯಿಲ್ ಸುಟ್ಟ ನೀಲಿ ಹೊಗೆ ಕರಗುವುದಿಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ ಸುತ್ತಿಕೊಂಡು ನಿಲ್ಲುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಕಪ್ಪು ಹೊಗೆಯ ಕಥೆ ಬೇರೆ. ಅದು ಪೆಟ್ರೋಲ್ ಜಾಸ್ತಿಯಾದದ್ದು: ಚೋಕ್ ಪೂರ್ತಿ ವಾಪಸ್ ಬರದಿರುವುದು, ಫ್ಲೋಟ್ ಸೂಜಿ ಸರಿಯಾಗಿ ಕೂರದಿರುವುದು, ಏರ್ ಫಿಲ್ಟರ್ ಕಟ್ಟಿಕೊಂಡಿರುವುದು.

ನಾನು ಬಳಸಿದ್ದು ಪೇಪರ್. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬಿಳಿ ಹಾಳೆಯೊಂದನ್ನು ಸೈಲೆನ್ಸರ್ ತುದಿಯಿಂದ ಒಂದು ಗೇಣು ದೂರ ಹಿಡಿದೆ. ಅರ್ಧ ನಿಮಿಷ ಹಿಡಿದು, ಒಳಗೆ ತಂದು ಒಲೆಯ ಹತ್ತಿರ ಇಟ್ಟೆ. ನೀರಿನ ಹನಿ ಎಲ್ಲ ಆರಿತು. ಉಳಿದದ್ದು ಸಣ್ಣ ಸಣ್ಣ ಚುಕ್ಕೆ. ಬೆಳಕಿಗೆ ಹಿಡಿದರೆ ಬೋಂಡ ಕಟ್ಟಿಕೊಟ್ಟ ಪೇಪರಿನ ಹಾಗೆ ಆಚೆ ಕಡೆ ಕಾಣುತ್ತಿತ್ತು. ಅಂದರೆ ಆಯಿಲ್ಲೇ. ಆವಿಯೂ ಇದೆ, ಆಯಿಲ್ಲೂ ಇದೆ.

ಇಲ್ಲಿ ಒಂದು ಮಾತು. ಬಿಳಿ ಹೊಗೆ ಅಂದ ಕೂಡಲೆ ಹೆಡ್ ಪ್ಯಾಕಿಂಗ್ (ಸಿಲಿಂಡರಿಗೂ ಅದರ ಮೇಲಿನ ತಲೆಭಾಗಕ್ಕೂ ನಡುವಿನ ಪ್ಯಾಕಿಂಗ್) ಹೋಗಿದೆ ಅನ್ನುವವರು ಇದ್ದಾರೆ. ಅದು ಕೂಲಂಟ್, ಅಂದರೆ ತಣ್ಣಗಿಡುವ ನೀರು ಹರಿಯುವ ಎಂಜಿನ್ನಿನ ಮಾತು. ಗಾಳಿಯಲ್ಲೇ ತಣ್ಣಗಾಗುವ ಎಂಜಿನ್ನಿನಲ್ಲಿ ಸಿಲಿಂಡರಿಗೆ ನುಗ್ಗಲು ಕೂಲಂಟ್ ಎಲ್ಲಿದೆ? ಹಾಗೆಯೇ ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಕೆನೆ ಥರದ್ದು ಕಂಡು ಹೆದರುವವರೂ ಇದ್ದಾರೆ. ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆಯಿಲ್ ಜೊತೆ ಸೇರಿ ಕೆನೆ ಕಟ್ಟುತ್ತದೆ. ಭಾವನ ಬೈಕಿನಲ್ಲೂ ಇತ್ತು. ಒಂದು ದೂರದ ಓಡಾಟಕ್ಕೆ ಹೋಯಿತು.

ಬಿಚ್ಚುವ ಮುಂಚೆ

ಆಯಿಲ್ ಲೆವೆಲ್ ನೋಡಿದೆ. ನಮ್ಮಲ್ಲಿ ಇದೊಂದು ಮಾಮೂಲಿ ಕಾಯಿಲೆ. ಡಬ್ಬಿ 1 ಲೀಟರಿನದು, ಎಂಜಿನ್ನಿಗೆ ಬೇಕಾದ್ದು ಅದಕ್ಕಿಂತ ಕಮ್ಮಿ. ಉಳಿಸಿ ಏನು ಮಾಡುವುದು ಅಂತ ಪೂರ್ತಿ ಸುರಿಯುತ್ತಾರೆ. ಜಾಸ್ತಿಯಾದ ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಿಗೆ ಹೋಗಿ, ಅಲ್ಲಿಂದ ಕಾರ್ಬ್ಯುರೇಟರ್ ಮೂಲಕ ಒಳಗೆ ಬಂದು ಸುಡುತ್ತದೆ. ಸಮತಟ್ಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನೋಡಬೇಕು. ಇಂಥ ಹೆಚ್ಚಿನ ಎಂಜಿನ್‌ಗಳಲ್ಲಿ ಡಿಪ್ ಸ್ಟಿಕ್ ತಿರುಗಿಸಿ ಬಿಗಿ ಮಾಡದೆ, ಸುಮ್ನೆ ಇಟ್ಟು ತೆಗೆದು ನೋಡುವುದು ಕ್ರಮ. ನಮ್ಮದರಲ್ಲಿ ಲೆವೆಲ್ ಕೆಳಗಿನ ಗೆರೆಗಿಂತ ಸ್ವಲ್ಪ ಮೇಲಿತ್ತು. ಏರ್ ಫಿಲ್ಟರ್ ಡಬ್ಬಿ ಒಣಗಿತ್ತು. ಇದು ಅಲ್ಲ.

ಸೈಲೆನ್ಸರ್ ಅಡಿಯಲ್ಲಿ ನೀರು ಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದು ಕೆಸರಿಗೆ ಮುಚ್ಚಿಹೋಗಿತ್ತು. ತಂತಿ ಹಾಕಿ ಬಿಡಿಸಿದೆ. ಆವಿ ಕಮ್ಮಿಯಾಯಿತು, ನೀಲಿ ಹೊಗೆ ಹಾಗೇ ಇತ್ತು.

ಆಮೇಲೆ ಭಾವನಿಗೆ ಒಂದು ಕೆಲಸ ಕೊಟ್ಟೆ. ನಿಲ್ಲಿಸಿ ಎಷ್ಟು ಹೊತ್ತಾದ ಮೇಲೆ ಸ್ಟಾರ್ಟ್ ಮಾಡಿದರೆ ಎಷ್ಟು ಹೊಗೆ ಅಂತ ನೋಡಿ ಹೇಳಿ, ಸಾಧ್ಯವಾದರೆ ವೀಡಿಯೊ ತೆಗೀರಿ ಅಂದೆ. ಬಂದ ಉತ್ತರ ಹೀಗಿತ್ತು: ಅರ್ಧ ಗಂಟೆಗೆ ಏನೂ ಇಲ್ಲ. ಊಟಕ್ಕೆ ಬಂದು ನಿದ್ದೆ ಮುಗಿಸಿ ಹೊರಟರೆ ಒಂಚೂರು. ರಾತ್ರಿಯಿಡೀ ನಿಂತರೆ ಜೋರು. ಅಂದರೆ ನಿಂತಷ್ಟು ಹೊತ್ತೂ ಆಯಿಲ್ ಎಲ್ಲಿಂದಲೋ ನಿಧಾನವಾಗಿ ಜಿನುಗಿ ಸೇರುತ್ತಿದೆ. ಸೇರಿದ್ದು ಸುಟ್ಟ ಮೇಲೆ ಹೊಗೆ ಮುಗಿಯಿತು.

ಒಂದು ದಿನ ಜೋರು, ಇನ್ನೊಂದು ದಿನ ಕಮ್ಮಿ ಬರುತ್ತದೆ ಅಂತಲೂ ಭಾವ ಹೇಳಿದರು. ಇದಕ್ಕೂ ಕಾರಣ ಇರಬಹುದು. ಎಂಜಿನ್ ನಿಲ್ಲಿಸಿದಾಗ ಗಾಳಿ, ಪೆಟ್ರೋಲ್ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದ್ದರೆ ಜಿನುಗಿದ ಆಯಿಲ್ ನೇರ ಸಿಲಿಂಡರಿಗೆ ಇಳಿಯುತ್ತದೆ. ಮುಚ್ಚಿ ನಿಂತಿದ್ದರೆ ವಾಲ್ವಿನ ಬೆನ್ನ ಮೇಲೆ ಕೂರುತ್ತದೆ.

ಸೈಡ್ ಸ್ಟ್ಯಾಂಡ್ ಬಿಟ್ಟು ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿಯೂ ನೋಡಿಸಿದೆ, ವ್ಯತ್ಯಾಸ ಕಾಣಲಿಲ್ಲ. ಕೆಲವು ಎಂಜಿನ್ನಿಗೆ ಇದು ದೊಡ್ಡ ವಿಷಯ. ಸಿಲಿಂಡರ್ ಎರಡೂ ಪಕ್ಕಕ್ಕೆ ಚಾಚಿದ ಹಳೆ ಬಿಎಂಡಬ್ಲ್ಯು ಬಾಕ್ಸರ್‌ಗಳನ್ನು ಸೈಡ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಎಡಗಡೆ ಸಿಲಿಂಡರಿಗೆ ಆಯಿಲ್ ಇಳಿದು ಬೆಳಿಗ್ಗೆ ಹೊಗೆ ಏಳುವುದು ಅದನ್ನು ಓಡಿಸುವವರಿಗೆಲ್ಲ ಗೊತ್ತು. ಹಳೆ ಕಾಸ್ಟ್ ಐರನ್ ಬುಲೆಟ್ಟಿನಲ್ಲಿ ಇನ್ನೊಂದು ಥರ. ಅದರಲ್ಲಿ ಆಯಿಲ್ ಬೇರೆ ಗೂಡಿನಲ್ಲಿ ಇರುತ್ತದೆ. ಬಹಳ ದಿನ ನಿಂತರೆ ಪಂಪ್ ದಾಟಿ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಮೊದಲ ಕಿಕ್ಕಿಗೆ ಬೀದಿಯೆಲ್ಲ ಹೊಗೆ. ಅದಕ್ಕೆ ವಾಲ್ವ್ ಬಿಚ್ಚಿ ಪ್ರಯೋಜನ ಇಲ್ಲ.

ಟೂ ಸ್ಟ್ರೋಕ್‌ಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಆರ್‌ಎಕ್ಸ್ 100 ಆಗಲಿ, 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿ ಆಗಲಿ, ಪೆಟ್ರೋಲ್ ಜೊತೆ ಆಯಿಲ್ ಸುಡುವ ಗಾಡಿಗಳು. ಬೆಳಿಗ್ಗೆ ಹೊಗೆ ಬರದಿದ್ದರೆ ಗಾಬರಿಯಾಗಬೇಕು. ಹೊಗೆ ದಿನೇ ದಿನೇ ಜಾಸ್ತಿಯಾಗಿ, ಗೇರ್ ಆಯಿಲ್ ಕಮ್ಮಿಯಾಗುತ್ತಾ ಬಂದರೆ ಮಾತ್ರ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ನೋಡಬೇಕು.

ಘಾಟಿಯಲ್ಲಿ

ನಮಗೆ ಆಗುಂಬೆ ಘಾಟಿ ದೂರವಿಲ್ಲ. ಈ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. 14 ಹೇರ್‌ಪಿನ್ ತಿರುವು, ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಸೆಕೆಂಡ್ ಗೇರಿನಲ್ಲಿ ಎಂಜಿನ್ ಬ್ರೇಕ್ ಮೇಲೇ ಇಳಿಯಬಹುದು. ಆಗ ಎಂಜಿನ್ ಗಾಳಿ ಎಳೆಯುತ್ತಿರುತ್ತದೆ, ಕಾರ್ಬ್ಯುರೇಟರ್ ಬಾಯಿ ಮುಚ್ಚಿರುತ್ತದೆ. ಇನ್‌ಟೇಕ್ ದಾರಿಯಲ್ಲಿ ಬಲವಾದ ಎಳೆತ ಹುಟ್ಟುತ್ತದೆ. ವಾಲ್ವಿನ ಕಡ್ಡಿ (ಸ್ಟೆಮ್) ಓಡಾಡುವ ಕೊಳವೆಗೆ ಗೈಡ್ ಅನ್ನುತ್ತಾರೆ, ಆಯಿಲ್ ತಡೆಯಲು ಅದರ ತಲೆಗೆ ಹಾಕಿದ ರಬ್ಬರ್ ಟೋಪಿಯೇ ವಾಲ್ವ್ ಸೀಲ್. ಅದು ಹೋಗಿದ್ದರೆ ಆ ಎಳೆತ ಮೇಲಿನ ಆಯಿಲ್ಲನ್ನು ಗೈಡ್ ಸಂದಿನಿಂದ ಒಳಗೆ ಹೀರುತ್ತದೆ. ಸೋಮೇಶ್ವರ ತಲುಪಿ ಆಕ್ಸಿಲರೇಟರ್ ಕೊಟ್ಟ ಕ್ಷಣ ಅದೆಲ್ಲ ಒಟ್ಟಿಗೆ ಸುಟ್ಟು ಹೊರಗೆ ಬರುತ್ತದೆ.

ಭಾವ ಮುಂದೆ, ನಾನು ನನ್ನ ಗಾಡಿಯಲ್ಲಿ ಹಿಂದೆ. ಕೆಳಗಿನ ಸಮತಟ್ಟಿಗೆ ಬಂದು ಅವರು ರೇಸ್ ಕೊಟ್ಟರು. ನೀಲಿ ಹೊಗೆ ಒಂದು ಸಲ ಬುಸ್ಸೆಂದು ನನ್ನ ಹೆಲ್ಮೆಟ್ಟಿಗೇ ಬಡಿಯಿತು. ಆಮೇಲೆ ಇಲ್ಲ. ವಾಪಸ್ ಹತ್ತುವಾಗ ಪೂರ್ತಿ ಲೋಡಿನಲ್ಲಿ ಸೈಲೆನ್ಸರ್ ಮೇಲೇ ಕಣ್ಣಿಟ್ಟಿದ್ದೆ. ಒಂದು ಎಳೆ ಹೊಗೆ ಇಲ್ಲ.

ಇಳಿದ ಮೇಲೆ ಬರುವ ಹೊಗೆಯೊಂದನ್ನೇ ನಂಬಬಾರದು. ಆಯಿಲ್ ರಿಂಗ್ ಸವೆದಿದ್ದರೂ ಅದೇ ಎಳೆತಕ್ಕೆ ಕೆಳಗಿನಿಂದ ಆಯಿಲ್ ಮೇಲೆ ಬರಬಹುದು. ಆದರೆ ಅಷ್ಟು ಸವೆದ ರಿಂಗ್ ಹತ್ತುವಾಗ ಸುಮ್ಮನಿರುವುದಿಲ್ಲ. ಬೆಳಗಿನ ಹೊಗೆ, ಇಳಿದ ಮೇಲಿನ ಹೊಗೆ, ಏರಿನಲ್ಲಿ ಇಲ್ಲದ ಹೊಗೆ, ಮೂರೂ ಸೇರಿದರೆ ಬೆರಳು ವಾಲ್ವ್ ಸೀಲ್ ಕಡೆ ತಿರುಗುತ್ತದೆ.

ಆದರೂ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತದೆ ಅಂತ ನೋಡಿದೆ. ಎಂಜಿನ್ ಬಿಸಿ ಮಾಡಿ, ಪ್ಲಗ್ ತೆಗೆದು ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆಯಬೇಕು. ಆಕ್ಸಿಲರೇಟರ್ ಬಿಟ್ಟು ಹೊಡೆದರೆ ಗಾಳಿ ಸಾಲದೆ ಸುಳ್ಳು ಲೆಕ್ಕ ಬರುತ್ತದೆ. ಗೇಜ್ ಚದರ ಸೆಂಟಿಮೀಟರಿಗೆ 11 ಕೆಜಿ ತೋರಿಸಿತು. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಹೊಡೆದರೆ 12ರ ಹತ್ತಿರ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಮುಳ್ಳು ಒಮ್ಮೆಲೇ ಜಿಗಿಯುತ್ತಿತ್ತು. ಈ ಗಾಡಿಯ ವಯಸ್ಸಿಗೆ ಇದು ಚೆನ್ನಾಗಿಯೇ ಇದೆ.

ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಹಳೆ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಖಾಲಿ ಮೈಗೆ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿಸಿ ಇಟ್ಟುಕೊಂಡಿದ್ದೇನೆ. ಪಿಸ್ಟನ್ ಕಂಪ್ರೆಷನ್ನಿನ ತುದಿಗೆ ತಂದು, ಟಾಪ್ ಗೇರ್ ಹಾಕಿ, ಹಿಂದಿನ ಬ್ರೇಕ್ ಒತ್ತಿ ಹಿಡಿದು ಗಾಳಿ ಬಿಡುವುದು. ಬ್ರೇಕ್ ಹಿಡಿಯದಿದ್ದರೆ ಎಂಜಿನ್ ತಿರುಗಿ ಬಿಡುತ್ತದೆ, ಜಾಗ್ರತೆ. ಆಮೇಲೆ ಕಿವಿ ಕೊಡಬೇಕು. ಕಾರ್ಬ್ಯುರೇಟರಿನಲ್ಲಿ ಸುಯ್ ಅಂದರೆ ಇನ್‌ಟೇಕ್ ವಾಲ್ವ್ ಕೂರುತ್ತಿಲ್ಲ. ಸೈಲೆನ್ಸರಿನಲ್ಲಿ ಅಂದರೆ ಎಕ್ಸಾಸ್ಟ್. ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗ್. ನಮ್ಮದು ಆಯಿಲ್ ಮುಚ್ಚಳದಲ್ಲಿ ಸಣ್ಣಗೆ ಉಸಿರಾಡಿತು. ಅಷ್ಟು ಹೊಸ ಎಂಜಿನ್ನಿನಲ್ಲೂ ಇರುತ್ತದೆ.

ಇಲ್ಲಿ ಹಲವರು ಎಡವುತ್ತಾರೆ. ಕಂಪ್ರೆಷನ್ ಚೆನ್ನಾಗಿದೆ, ಹಾಗಾದರೆ ಎಂಜಿನ್ ಸರಿಯಿದೆ, ಹೊಗೆ ಯಾಕೆ ಬರುತ್ತದೋ ಅಂತ ತಲೆ ಕೆರೆದುಕೊಳ್ಳುತ್ತಾರೆ. ವಾಲ್ವ್ ಸೀಲ್ ಹಾಳಾದರೆ ಈ ಯಾವ ಪರೀಕ್ಷೆಯಲ್ಲೂ ಗೊತ್ತಾಗುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ಕಂಪ್ರೆಷನ್ ಹಿಡಿಯುವುದು ಅದರ ಸೀಟು. ಸೀಲ್ ಇರುವುದು ಸೀಟಿನ ಆಚೆ, ಗೈಡಿನ ತಲೆ ಮೇಲೆ.

ಹಾಗಾಗಿ ಕಣ್ಣಲ್ಲೇ ನೋಡಬೇಕು ಅಂತ ಒಂದು ಬೆಳಿಗ್ಗೆ ಹಾಲಿನ ಕೆಲಸಕ್ಕೆ ಬೇರೆ ಗಾಡಿ ಕಳಿಸಿ, ಇದನ್ನು ಸ್ಟಾರ್ಟ್ ಮಾಡದೆ ಕಾರ್ಬ್ಯುರೇಟರ್ ಬಿಚ್ಚಿದೆ. ಮ್ಯಾನಿಫೋಲ್ಡ್ ತೆಗೆದರೆ ಇನ್‌ಟೇಕ್ ದಾರಿ ಕಾಣುತ್ತದೆ. ಕೊನೆಯಲ್ಲಿ ವಾಲ್ವಿನ ಬೆನ್ನು, ಅದರಿಂದ ಮೇಲೆ ಹೋಗುವ ಸ್ಟೆಮ್. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಸ್ಟೆಮ್ ಪೂರ್ತಿ ಒದ್ದೆ. ಗೈಡಿನ ಬಾಯಲ್ಲಿ ಕಡುಕಂದು ಬಣ್ಣದ ಒಂದು ಹನಿ ತೂಗುತ್ತಿತ್ತು. ನೋಡುತ್ತಿದ್ದ ಹಾಗೆ ಸ್ಟೆಮ್ ಮೇಲೆ ಜಾರಿ, ವಾಲ್ವಿನ ಬೆನ್ನಲ್ಲಿ ಮೊದಲೇ ನಿಂತಿದ್ದ ಆಯಿಲ್ಲಿಗೆ ಸೇರಿತು. ಇಯರ್ ಬಡ್ ಕಡ್ಡಿಯಲ್ಲಿ ಮುಟ್ಟಿದರೆ ಹತ್ತಿ ಕಪ್ಪಾಗಿ ಜಿಡ್ಡು ಹಿಡಿಯಿತು. ಸೈಲೆನ್ಸರಿನ ಬೆಂಡ್ ಪೈಪ್ ತೆಗೆದು ಎಕ್ಸಾಸ್ಟ್ ಕಡೆಯೂ ಇಣುಕಿದೆ. ಅಲ್ಲಿ ಒಣ ಮಸಿ, ಅಷ್ಟೇ.

ಭಾವನಿಗೂ ತೋರಿಸಿದೆ. "ಇಷ್ಟು ಸಣ್ಣ ಹನಿಗೆ ಇಡೀ ಅಂಗಳ ಹೊಗೆಯಾ!" ಅಂದರು.

ಹೆಡ್ ಬಿಚ್ಚಿದ್ದು

ಹೆಡ್ ಇಳಿಸದೆ ಸೀಲ್ ಬದಲಿಸುವ ಉಪಾಯ ಇದೆ. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಪಿಸ್ಟನ್ ಮೇಲೆ ತಂದರೆ ಹಗ್ಗ ವಾಲ್ವನ್ನು ಒತ್ತಿ ಹಿಡಿಯುತ್ತದೆ. ದೊಡ್ಡ ಎಂಜಿನ್ನಿಗೆ ಸರಿ. ಇಂಥ ಸಣ್ಣ ಗಾಡಿಯಲ್ಲಿ ಹೆಡ್ ಇಳಿಸುವುದೇ ಸುಲಭ. ಒಳಗಿನದ್ದೂ ನೋಡಿದ ಹಾಗಾಗುತ್ತದೆ.

ಪಿಸ್ಟನ್ ಮೇಲಿನ ತುದಿಗೆ ಬಂದದ್ದು ತೋರಿಸುವ ಮ್ಯಾಗ್ನೆಟ್ಟಿನ ಟಿ ಗುರುತು ಸೇರಿಸಿ, ವಾಲ್ವ್ ಎರಡೂ ಸಡಿಲ ಇವೆ ಅಂತ ನೋಡಿ, ಟೆನ್ಷನರ್ ಬಿಟ್ಟು ಕ್ಯಾಮ್ ಸ್ಪ್ರಾಕೆಟ್ ಕಳಚಿದೆ. ಟೈಮಿಂಗ್ ಚೈನ್ ಕೆಳಗೆ ಬೀಳದ ಹಾಗೆ ತಂತಿಯಲ್ಲಿ ಕಟ್ಟಬೇಕು. ಹೆಡ್ ನಟ್ಟುಗಳನ್ನು ಅಡ್ಡ ಅಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಬೇಕು. ಯಾವ ನಟ್ಟಿನಡಿ ತಾಮ್ರದ ವಾಷರ್ ಇತ್ತು ಅಂತ ಫೋಟೊ ತೆಗೆದಿಟ್ಟೆ. ಅದು ಆಯಿಲ್ ದಾರಿಯ ನಟ್ಟು, ಬದಲಾದರೆ ಆಯಿಲ್ ಒಸರುತ್ತದೆ.

ಹೆಡ್ ಎತ್ತಿದ ಕೂಡಲೆ ನೋಡಬೇಕಾದ್ದು ಪಿಸ್ಟನ್ ತಲೆ. ರಿಂಗಿನಿಂದ ಆಯಿಲ್ ಮೇಲೆ ಬರುತ್ತಿದ್ದರೆ ಪಿಸ್ಟನ್ನಿನ ಅಂಚು ಸುತ್ತಲೂ ತೊಳೆದ ಹಾಗೆ ಬೆಳ್ಳಗೆ ಇರುತ್ತದೆ. ಇಲ್ಲಿ ಅಂಚಿನವರೆಗೂ ಒಣ ಮಸಿ, ಇನ್‌ಟೇಕ್ ವಾಲ್ವಿನ ಕೆಳಗೆ ಮಾತ್ರ ದಪ್ಪ ಪದರ. ಬೋರಿನ ಗೋಡೆಯಲ್ಲಿ ಹೋನಿಂಗಿನ (ತಯಾರಿಸುವಾಗ ಕಲ್ಲಿನಿಂದ ಉಜ್ಜಿದ) ಅಡ್ಡ ಗೆರೆಗಳು ಇನ್ನೂ ಮಂಕಾಗಿ ಕಾಣುತ್ತಿದ್ದವು. ಉದ್ದ ಗೀರು ಇಲ್ಲ, ಉಗುರಿಗೆ ಏನೂ ತಾಗುವುದಿಲ್ಲ. ಬ್ಲಾಕನ್ನು ಅಲುಗಾಡಿಸದೆ ಹಾಗೇ ಬಿಟ್ಟೆ. ಬೋರ್ ಕಿಟ್ಟಿಗೆ ಗ್ಯಾರೇಜಿನವರು ಹೇಳಿದ್ದು 3 ಸಾವಿರದ ಮೇಲೆ, ಕೂಲಿ ಬೇರೆ. ಅದನ್ನು ಹಾಕಿಸಿ ಹೆಡ್ಡನ್ನು ಹಾಗೇ ಕೂರಿಸಿದ್ದರೆ ಮಾರನೇ ದಿನ ಬೆಳಿಗ್ಗೆ ಅದೇ ಹೊಗೆ.

ಸ್ಪ್ರಿಂಗ್ ಒತ್ತಿ ವಾಲ್ವ್ ಲಾಕ್ ತೆಗೆಯುವುದು ಮ್ಯಾಗ್ನೆಟ್ ಕಡ್ಡಿ ಇದ್ದರೆ ಸುಲಭ. ಇನ್‌ಟೇಕ್ ಸೀಲನ್ನು ಪ್ಲೈಯರಿನಲ್ಲಿ ಹಿಡಿದು ತಿರುಗಿಸಿದೆ. ರಬ್ಬರ್ ಅನ್ನುವ ಹಾಗಿರಲಿಲ್ಲ, ಬಳೆಯ ಚೂರಿನ ಹಾಗೆ ಟಕ್ಕೆಂದು ಒಡೆಯಿತು. ಎಕ್ಸಾಸ್ಟ್ ಸೀಲ್ ಇನ್ನೂ ಸ್ವಲ್ಪ ಬಾಗುತ್ತಿತ್ತು, ಆದರೂ ಬದಲಿಸಿದೆ. ವರ್ಷಗಟ್ಟಲೆ ಬಿಸಿಗೆ ಬೆಂದ ರಬ್ಬರ್ ಹೀಗೇ ಆಗುವುದು, ಇದರಲ್ಲಿ ಯಾರ ತಪ್ಪೂ ಇಲ್ಲ. ಮಾಮೂಲಿ ನೈಟ್ರೈಲ್ ರಬ್ಬರ್ ಸುಮಾರು 120 ಡಿಗ್ರಿವರೆಗೆ ತಡೆಯುತ್ತದೆ, ವೈಟನ್ ಅನ್ನುವ ಇನ್ನೊಂದು ರಬ್ಬರ್ 200ರ ಹತ್ತಿರದವರೆಗೂ. ಅಂಗಡಿಯಲ್ಲಿ ಕೇಳಿದರೆ ಬಣ್ಣ ನೋಡಿ ಇದು ವೈಟನ್ ಸಾರ್ ಅನ್ನುತ್ತಾರೆ. ಬಣ್ಣ ಯಾರು ಬೇಕಾದರೂ ಹಾಕಬಹುದು. ನಾನು ಪಾರ್ಟ್ ನಂಬರ್ ನೋಡಿ ಕಂಪನಿ ಪ್ಯಾಕೆಟ್ಟಿನದ್ದೇ ತಂದೆ. ಎರಡಕ್ಕೂ ಸೇರಿ 100 ರೂಪಾಯಿ ಒಳಗೇ ಆಯಿತು.

ಸೀಲ್ ಹಾಕುವ ಮುಂಚೆ ಗೈಡ್ ನೋಡಲೇಬೇಕು. ಗೈಡ್ ಸವೆದು ವಾಲ್ವ್ ಅಲುಗಾಡುತ್ತಿದ್ದರೆ ಹೊಸ ಸೀಲ್ ಕೆಲವೇ ತಿಂಗಳಿಗೆ ಬಾಯಿ ಬಿಡುತ್ತದೆ. ವಾಲ್ವನ್ನು ಸೀಟಿನಿಂದ ಒಂದು ಸೆಂಟಿಮೀಟರ್ ಎತ್ತಿ ಅತ್ತಿತ್ತ ಅಲ್ಲಾಡಿಸಿದೆ. ಇನ್‌ಟೇಕ್ ಗಟ್ಟಿ ಇತ್ತು. ಎಕ್ಸಾಸ್ಟಿನಲ್ಲಿ ಒಂಚೂರು ಆಟ ಇದೆ. ಸ್ಟೆಮ್ಮನ್ನು ಮೇಲೆ, ನಡುವೆ, ಕೆಳಗೆ ಮೈಕ್ರೋಮೀಟರಿನಲ್ಲಿ ಅಳೆದರೆ ಸವೆತ ಸ್ಟೆಮ್ಮಿನಲ್ಲಿ ಇಲ್ಲ, ಗೈಡಿನಲ್ಲೇ ಇದೆ.

ಇನ್‌ಟೇಕ್ ವಾಲ್ವಿನ ಬೆನ್ನಲ್ಲಿ ಮಸಿ ಗಟ್ಟಿ ಗಡ್ಡೆಯಾಗಿತ್ತು. ಕೆರೆದು, ಸೀಟಿಗೆ ನಯ ಪೇಸ್ಟ್ ಹಾಕಿ ಉಜ್ಜಿದೆ, ಮಂಕು ಬಣ್ಣದ ಉಂಗುರ ಒಂದೇ ಸಮ ಬಂತು. ಪೇಸ್ಟ್ ಚೂರೂ ಉಳಿಯದ ಹಾಗೆ ಸೀಮೆಎಣ್ಣೆಯಲ್ಲಿ ತೊಳೆದೆ. ಹೊಸ ಸೀಲ್ ಕೂರಿಸುವಾಗ ಒಂದು ಎಚ್ಚರ ಬೇಕು. ಸ್ಟೆಮ್ಮಿನ ತುದಿಯಲ್ಲಿ ಲಾಕ್ ಕೂರುವ ಕಚ್ಚು ಇದೆ, ಅದರ ಅಂಚು ಸೀಲಿನ ತುಟಿಯನ್ನು ಕೊಯ್ಯುತ್ತದೆ. ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಆಯಿಲ್ ಸವರಿ, ಆಮೇಲೆ ವಾಲ್ವ್ ತೂರಿಸಿದೆ. ಎಲ್ಲ ಜೋಡಿಸಿದ ಮೇಲೆ ಇನ್‌ಟೇಕ್ ದಾರಿಗೆ ಪೆಟ್ರೋಲ್ ತುಂಬಿ ಇಟ್ಟೆ. ಟೀ ಕುಡಿದು ಬಂದು ನೋಡಿದರೂ ಕೆಳಗೆ ಒಸರಿರಲಿಲ್ಲ.

ಹೊಸ ಹೆಡ್ ಪ್ಯಾಕಿಂಗ್, ನಟ್ಟುಗಳಿಗೆ ಟಾರ್ಕ್ ರೆಂಚ್, ಗುರುತಿಗೆ ಟೈಮಿಂಗ್. ಕಿಕ್ ಹೊಡೆಯುವ ಮುಂಚೆ ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ, ಎಲ್ಲೂ ತಡೆಯಲಿಲ್ಲ. ಟ್ಯಾಪೆಟ್ ಗ್ಯಾಪ್ ಎಂಜಿನ್ ತಣ್ಣಗಿದ್ದಾಗಲೇ ಮ್ಯಾನುಯಲ್ ಲೆಕ್ಕಕ್ಕೆ ಇಟ್ಟೆ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮುಂಚಿಗಿಂತ ಜಾಸ್ತಿ ಹೊಗೆ ಬಂತು. ಭಾವನ ಮುಖ ಸಪ್ಪಗಾಯಿತು. ಸೈಲೆನ್ಸರ್ ಒಳಗೆ ಹಳೇ ಆಯಿಲ್ ಕೂತಿರುತ್ತದೆ, ಜೋಡಿಸುವಾಗ ಸವರಿದ್ದೂ ಇರುತ್ತದೆ. ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ ಅಂದೆ. ಬಂದ ಮೇಲೆ ಹೊಗೆ ಇರಲಿಲ್ಲ. ಮಾರನೇ ಬೆಳಿಗ್ಗೆ ಪೇಪರ್ ಹಿಡಿದರೆ ಬರೀ ನೀರಿನ ಹನಿ.

ಆಯಿಲ್ ಲೆಕ್ಕವನ್ನೂ ಇಟ್ಟಿದ್ದೇವೆ. ಮುಂಚೆ 1000 ಕಿಲೋಮೀಟರಿಗೆ 150 ಮಿಲಿಲೀಟರ್‌ನಷ್ಟು ಮೇಲೆ ಹಾಕಬೇಕಾಗುತ್ತಿತ್ತು, ಮೆಡಿಕಲ್ ಅಂಗಡಿಯ 50ರ ಸಿರಿಂಜಿನಲ್ಲಿ ಅಳೆದು ಹಾಕುತ್ತಿದ್ದೆವು. ಈಗ ಅದೇ ದೂರಕ್ಕೆ ಡಿಪ್ ಸ್ಟಿಕ್ಕಿನ ಗೆರೆ ಇಳಿದದ್ದು ಗೊತ್ತೇ ಆಗುವುದಿಲ್ಲ. ಹೊಗೆ ನಿಲ್ಲಿಸಲು ದಪ್ಪ 20ಡಬ್ಲ್ಯು-50 ಹಾಕಿ ನೋಡಿ ಅಂತ ಒಬ್ಬರು ಹೇಳಿದ್ದರು, ಹಾಕಲಿಲ್ಲ. ದಪ್ಪ ಆಯಿಲ್ ಜಿನುಗುವುದು ನಿಧಾನವಾಗುತ್ತದೆ, ಒಡೆದ ಸೀಲ್ ಒಡೆದೇ ಇರುತ್ತದೆ. ಕಾರಿನ ಆಯಿಲ್ಲಂತೂ ಬೇಡ. ಈ ಗಾಡಿಗಳಲ್ಲಿ ಕ್ಲಚ್ ಅದೇ ಆಯಿಲ್ಲಿನಲ್ಲಿ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ (ಇಂಥ ಕ್ಲಚ್ಚಿಗೆ ಒಪ್ಪುವ ಆಯಿಲ್ಲಿನ ಗುರುತು) ಅಂತ ಇದ್ದದ್ದನ್ನೇ ಹಾಕಬೇಕು, ಇಲ್ಲದಿದ್ದರೆ ಕ್ಲಚ್ ಜಾರಲು ಶುರುವಾಗುತ್ತದೆ.

ಬಾಕಿ ಇರುವುದು ಎಕ್ಸಾಸ್ಟ್ ಗೈಡ್. ಅದನ್ನು ಹೊಡೆದು ತೆಗೆದು, ಹೊಸದು ಕೂರಿಸಿ, ರೀಮರ್ ಹಾಕಿ, ಸೀಟ್ ಮತ್ತೆ ಕತ್ತರಿಸಬೇಕು. ಮನೆಯ ಜಗಲಿಯಲ್ಲಿ ಆಗುವ ಕೆಲಸ ಅಲ್ಲ, ಶಿವಮೊಗ್ಗದಲ್ಲಿ ಲೇತ್ ಕೆಲಸದವರ ಹತ್ತಿರ ಮಾಡಿಸಬೇಕು. ಸದ್ಯಕ್ಕೆ ಆ ಕಡೆ ಒಣಗಿದೆ. ಮಳೆಗಾಲ ಕಳೆಯಲಿ, ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಒಮ್ಮೆ ಬೆಂಡ್ ಪೈಪ್ ತೆಗೆದು ಟಾರ್ಚ್ ಬಿಟ್ಟು ನೋಡುವ ಅಂತ ಭಾವನಿಗೆ ಹೇಳಿದ್ದೇನೆ.